ನಲ್ಲಿ, ಮ್ಯಾನ್‌ಹೋಲ್, ಖಾತೆ: ಓದುಗರ ಪ್ರಶ್ನೆಗಳಿಗೆ ಉತ್ತರ

ನಗರಸಭೆ, ಪುರಸಭೆ, ಪಟ್ಟಣ ಪಂಚಾಯಿತಿ ಇರುವ ಊರುಗಳಿಂದ ಬಂದ ಪತ್ರಗಳಲ್ಲಿ ಕೆಲವನ್ನು ಈ ಸಲ ಎತ್ತಿಕೊಂಡಿದ್ದೇವೆ. ಪತ್ರಗಳನ್ನು ಚಿಕ್ಕದು ಮಾಡಿದ್ದೇವೆ, ಊರು ಮತ್ತು ಹೆಸರು ಬಿಟ್ಟಿದ್ದೇವೆ. ಈ ಊರುಗಳು 1964ರ ಕರ್ನಾಟಕ ಪುರಸಭೆಗಳ ಕಾಯ್ದೆಯಡಿ ಬರುತ್ತವೆ. ಮಹಾನಗರ ಪಾಲಿಕೆಗಳಿಗೆ 1976ರ ಬೇರೆ ಕಾಯ್ದೆಯಿದೆ (ಬೆಂಗಳೂರಿಗೆ ಅದರದೇ ಪ್ರತ್ಯೇಕ ಕಾಯ್ದೆ), ಅಲ್ಲಿನವರು ಉತ್ತರಗಳನ್ನು ಹಾಗೇ ಎತ್ತಿ ಬಳಸಬೇಡಿ.

ಮೂರು ದಿನಕ್ಕೊಮ್ಮೆ ನೀರು ಬಿಡುತ್ತಾರೆ. ಮೊದಲ ಹತ್ತು ನಿಮಿಷ ಬರುವುದು ಕಂದು ನೀರು, ಚರಂಡಿ ವಾಸನೆ. ಆಮೇಲೆ ಚೆನ್ನಾಗಿ ಬರುವಷ್ಟರಲ್ಲಿ ಪಕ್ಕದ ಮನೆಯವರು ನಲ್ಲಿಗೇ ಮೋಟಾರು ಹಾಕಿ ಎಳೆದುಬಿಡುತ್ತಾರೆ. ನಾವೂ ಒಂದು ಹಾಕಿಸಿಕೊಳ್ಳೋಣವೇ? (ಗೃಹಿಣಿ)

ಬೇಡ. ನಿಮಗೆ ಬರುತ್ತಿರುವ ಚರಂಡಿ ವಾಸನೆಗೂ ಆ ಮೋಟಾರಿಗೂ ನಂಟಿದೆ. ನೀರು ನಿಲ್ಲಿಸಿದ ಮೇಲೆ ಬೀದಿಯ ಕೊಳವೆ ಖಾಲಿಯಾಗುತ್ತದೆ. ಎಲ್ಲಾದರೂ ಜಾಯಿಂಟ್ ಸಡಿಲವಾಗಿದ್ದರೆ ಸುತ್ತಲಿನ ಕೊಳೆ ಅದರೊಳಗೆ ಸೇರುತ್ತದೆ. ನೀರು ಬಿಟ್ಟಾಗಲೂ ಮೋಟಾರು ಎಳೆಯುತ್ತಿದ್ದರೆ ಕೊಳವೆಯಲ್ಲಿ ಒತ್ತಡ ಇರುವುದಿಲ್ಲ, ಹೀರುವಿಕೆ ಇರುತ್ತದೆ. ಹೊರಗೆ ಸೋರಬೇಕಾದ ಜಾಗದಲ್ಲಿ ಕೊಳೆ ಒಳಗೆ ಬರುತ್ತದೆ. ಶುದ್ಧೀಕರಣ ಘಟಕದಲ್ಲಿ ಎಷ್ಟು ಕ್ಲೋರಿನ್ ಹಾಕಿದರೂ ಬೀದಿಯಲ್ಲಿ ಸೇರಿದ ಕೊಳೆಯನ್ನು ಅದು ತಾಳಿಕೊಳ್ಳದು.

ಸೋರಿಕೆ ಎಲ್ಲಿದೆ ಎಂಬುದನ್ನು ನೀವೇ ಅರ್ಧ ಪತ್ತೆ ಮಾಡಬಹುದು. ನೀರು ಬಿಟ್ಟ ಮೊದಲ ನಿಮಿಷದಲ್ಲೇ ಬೀದಿಯ ನಾಲ್ಕೈದು ಮನೆಗಳವರು ಒಂದೊಂದು ಬಾಟಲಿ ಹಿಡಿದು ಪಕ್ಕಪಕ್ಕ ಇಟ್ಟು ನೋಡಿ. ಒಂದು ಮನೆಯವರೆಗೆ ಚೆನ್ನಾಗಿದ್ದು ಮುಂದಿನ ಮನೆಯಿಂದ ವಾಸನೆ ಶುರುವಾದರೆ ದೋಷ ಆ ಎರಡು ಮನೆಗಳ ನಡುವೆ. ಒಂದೇ ಮನೆಯಲ್ಲಿ ವಾಸನೆಯಿದ್ದರೆ ಆ ಮನೆಯ ಸಂಪರ್ಕದ ಪೈಪಿನಲ್ಲೇ ತೊಂದರೆ. ಬಹಳ ಸಲ ಚರಂಡಿಯ ಒಳಗಿಂದ ಹಾದುಹೋದ ಹಳೆಯ ಜಿಐ (ಸತು ಲೇಪಿತ ಕಬ್ಬಿಣ) ಪೈಪು ತುಕ್ಕು ಹಿಡಿದು ತೂತಾಗಿರುತ್ತದೆ. ಆ ತುಂಡನ್ನು ಪೂರ್ತಿ ತೆಗೆಸಿ, ನಡುವೆ ಜಾಯಿಂಟ್ ಇಲ್ಲದ ಒಂದೇ ಉದ್ದದ ಎಚ್‌ಡಿಪಿಇ (ಗಟ್ಟಿ ಪ್ಲಾಸ್ಟಿಕ್) ಪೈಪು ಹಾಕಿಸಿ. ಅದರ ಮೇಲೊಂದು ದಪ್ಪ ಪೈಪಿನ ಹೊದಿಕೆಯೂ ಇರಲಿ. ವಾಲ್ವ್‌ಮನ್‌ಗೆ “ನೀರು ಕೆಟ್ಟಿದೆ” ಎಂದರೆ ಅವರಿಗೆ ಏನೂ ಹೊಳೆಯುವುದಿಲ್ಲ. “ಇಂಥ ಮನೆಯಿಂದ ಇಂಥ ಮನೆಯ ನಡುವೆ” ಎಂದರೆ ಅಗೆಯುವ ಜಾಗ ಸಿಗುತ್ತದೆ.

ಸಣ್ಣ ಧಾರೆಗೆ ಮದ್ದು ಸಂಪು. ರಸ್ತೆಯ ಮಟ್ಟಕ್ಕಿಂತ ಕೆಳಗೆ ಕಟ್ಟಿಸಿದರೆ ನೀರು ತಾನಾಗಿ ಇಳಿಯುತ್ತದೆ, ಮೋಟಾರು ಸಂಪಿನಿಂದ ಮೇಲಿನ ಟ್ಯಾಂಕಿಗೆ ಎತ್ತಲಿ. ಒಳಚರಂಡಿ ಇರುವ ಪಟ್ಟಣಕ್ಕೆ ತಲೆಗೆ ದಿನಕ್ಕೆ 135 ಲೀಟರ್ ಎಂಬುದು ಲೆಕ್ಕ. ಐದು ಜನ, ಮೂರು ದಿನ ಎಂದರೆ ಸುಮಾರು 2,000 ಲೀಟರ್. 6 ಅಡಿ ಉದ್ದ, 4 ಅಡಿ ಅಗಲ, ನೀರು ನಿಲ್ಲುವ ಆಳ 3 ಅಡಿ ಇದ್ದರೆ ಅಷ್ಟು ಹಿಡಿಯುತ್ತದೆ. ಮೇಲೆ ಅರ್ಧ ಅಡಿ ಖಾಲಿ ಬಿಡಿ, ಫ್ಲೋಟ್ ವಾಲ್ವ್ ಹಾಕಿಸಿ, ಶೌಚದ ಪಿಟ್ ಯಾವ ಕಡೆ ಇದೆಯೋ ಅದರ ಎದುರು ಕಡೆ ಕಟ್ಟಿಸಿ.

ಸೋರಿಕೆ ಸರಿಹೋಗುವವರೆಗೆ ಮೊದಲ ನೀರನ್ನು ಸಂಪಿಗೆ ಬಿಡದೆ ಗಿಡಕ್ಕೆ ಹಾಕಿ. ಸಂಪಿನ ಸಾವಿರ ಲೀಟರಿಗೆ ಒಳ್ಳೆಯ ಬ್ಲೀಚಿಂಗ್ ಪುಡಿ 2.5ರಿಂದ 5 ಗ್ರಾಂ ಸಾಕು. ಪುಡಿಯನ್ನು ನೇರವಾಗಿ ಸುರಿಯಬೇಡಿ. ಬಕೆಟ್ಟಿನಲ್ಲಿ ಕಲಸಿ, ಸುಣ್ಣ ತಳಕ್ಕಿಳಿದ ಮೇಲೆ ತಿಳಿಯನ್ನು ಮಾತ್ರ ಹಾಕಿ ಒಂದು ಗಂಟೆ ಬಿಡಿ. ಪೊಟ್ಟಣ ಬಿಚ್ಚಿ ತಿಂಗಳುಗಟ್ಟಲೆ ಇಟ್ಟ ಪುಡಿಗೆ ಮೂಗಿಗೆ ಹೊಡೆಯುವ ವಾಸನೆಯೇ ಇರುವುದಿಲ್ಲ. ಅಂಥದ್ದು ಹಾಕಿದರೂ ಒಂದೇ, ಬಿಟ್ಟರೂ ಒಂದೇ. ಕುಡಿಯುವ ನೀರನ್ನಂತೂ ಕುದಿಸಿಕೊಳ್ಳಿ.

ಪಕ್ಕದ ಮನೆಯ ಮೋಟಾರಿನ ಬಗ್ಗೆ ಒಬ್ಬರೇ ದೂರು ಕೊಟ್ಟರೆ ಜಗಳ ನಿಮ್ಮ ಮನೆ ಬಾಗಿಲಿಗೆ ಬರುತ್ತದೆ. “ನೀರು ಬಿಡುವ ವೇಳೆಯಲ್ಲಿ ಇಡೀ ಬೀದಿ ತಪಾಸಣೆ ಮಾಡಿ” ಎಂದು ಹತ್ತು ಮನೆಯವರು ಸಹಿ ಹಾಕಿದ ಅರ್ಜಿ ಕೊಡಿ.

ಮಳೆ ಬಂದಾಗಲೆಲ್ಲ ನಮ್ಮ ಮನೆ ಮುಂದಿನ ಯುಜಿಡಿ (ಒಳಚರಂಡಿ) ಮ್ಯಾನ್‌ಹೋಲ್ ಉಕ್ಕಿ ಹರಿಯುತ್ತದೆ. ಜೆಟ್ಟಿಂಗ್ ಗಾಡಿ ಬಂದು ಹೋಗಿ ವಾರವಾಗಿಲ್ಲ, ಮತ್ತೆ ಅದೇ ಕಥೆ. (ನಿವೃತ್ತ ಶಿಕ್ಷಕ)

ಮಳೆ ಬಂದಾಗ ಮಾತ್ರ ಉಕ್ಕಿದರೆ ಮುಖ್ಯ ತೊಂದರೆ ಕಟ್ಟಿಕೊಂಡಿರುವುದಲ್ಲ. ಮಳೆನೀರು ಒಳಚರಂಡಿಗೆ ಸೇರುತ್ತಿದೆ. ಗಾಡಿ ಎಷ್ಟು ಸಲ ಬಂದರೂ ಅದು ನಿಲ್ಲುವುದಿಲ್ಲ.

ಒಂದು ಮನೆಯ ಲೆಕ್ಕ ನೋಡಿ. ಐದು ಜನ ದಿನಕ್ಕೆ 675 ಲೀಟರ್ ನೀರು ಬಳಸಿದರೆ, ಅದರಲ್ಲಿ ಶೇ 80ರಷ್ಟು, ಅಂದರೆ 540 ಲೀಟರ್ ಒಳಚರಂಡಿಗೆ ಬರುತ್ತದೆಂದು ಹಿಡಿದು ಕೊಳವೆಯ ಗಾತ್ರ ತೀರ್ಮಾನಿಸುತ್ತಾರೆ. ಅದೇ ಮನೆಯ ಸಾವಿರ ಚದರಡಿ ತಾರಸಿಯ ಮೇಲೆ ಒಂದು ತಾಸಿನಲ್ಲಿ 25 ಮಿ.ಮೀ. ಮಳೆ ಸುರಿದರೆ ಸುಮಾರು 2,300 ಲೀಟರ್ ನೀರು. ನಾಲ್ಕು ದಿನದ ಕೊಳಚೆ ಒಂದು ತಾಸಿನಲ್ಲಿ ಬಂದ ಹಾಗೆ. ಬೀದಿಯಲ್ಲಿ ಹತ್ತು ಮನೆಯವರು ತಾರಸಿ ಪೈಪನ್ನು ಯುಜಿಡಿ ಚೇಂಬರಿಗೆ ಕೊಟ್ಟಿದ್ದರೆ ತಗ್ಗಿನಲ್ಲಿರುವ ಮನೆಯ ಮುಂದೆ ಅದು ಉಕ್ಕಲೇಬೇಕು. ತಗ್ಗಿನ ಮನೆ ನಿಮ್ಮದು, ಅಷ್ಟೇ.

ತಾರಸಿಯಿಂದ ಇಳಿದ ಪೈಪು ಕೊನೆಗೆ ರಸ್ತೆಬದಿ ಚರಂಡಿಯಲ್ಲಿ ಕಾಣಿಸಬೇಕು. ನೆಲದೊಳಗೆ ಹೋಗಿ ಮಾಯವಾದ ಪೈಪುಗಳನ್ನೆಲ್ಲ ಪಟ್ಟಿ ಮಾಡಿ. ನಗರಸಭೆಯ ಎಂಜಿನಿಯರಿಗೆ ಬಣ್ಣದ ನೀರಿನ ಪರೀಕ್ಷೆ ಮಾಡಿಸಲು ಬರೆದುಕೊಡಿ: ತಾರಸಿಯ ಹೊರಗಂಡಿಗೆ ಬಣ್ಣ ಕಲಸಿದ ಒಂದೆರಡು ಕೊಡ ನೀರು ಹೊಯ್ದು, ಸಿಬ್ಬಂದಿ ಮುಂದಿನ ಮ್ಯಾನ್‌ಹೋಲ್ ತೆರೆದು ನೋಡುತ್ತಾರೆ. ಬಣ್ಣ ಬಂದರೆ ಸಾಕ್ಷಿ ಸಿಕ್ಕಂತೆ. ಮೊದಲು ನಿಮ್ಮ ಮನೆಯ ಪೈಪನ್ನೇ ನೋಡಿಕೊಳ್ಳಿ. ದೂರು ಕೊಟ್ಟವರ ಮನೆಯಲ್ಲೇ ಬಣ್ಣ ಕಂಡರೆ ಮುಖ ಎಲ್ಲಿಡುವುದು!

ಬಿಸಿಲಿನಲ್ಲೂ ಉಕ್ಕಿದರೆ ಮಾತ್ರ ಅದು ಕಟ್ಟಿಕೊಂಡಿದ್ದು: ಬಟ್ಟೆ, ಪ್ಯಾಡು, ಹೋಟೆಲಿನ ಜಿಡ್ಡು, ಮರಳು. ತುಂಬಿ ನಿಂತ ಮ್ಯಾನ್‌ಹೋಲಿಗೂ ಅದರ ಕೆಳಗಿನ ಖಾಲಿ ಮ್ಯಾನ್‌ಹೋಲಿಗೂ ನಡುವೆ ಅಡ್ಡಿ ಇರುತ್ತದೆ. ಮುಚ್ಚಳವನ್ನು ನೀವು ತೆರೆಯಬೇಡಿ, ಜೆಟ್ಟಿಂಗ್ ಗಾಡಿಯವರೇ ನೋಡಲಿ.

ಪಿಟ್ ತುಂಬಿದೆ. ನಮ್ಮ ಓಣಿಗೆ ಸಕ್ಕಿಂಗ್ ಗಾಡಿ ಬರುವುದಿಲ್ಲ. ಇಬ್ಬರು ಇಳಿದು ತೆಗೆದುಕೊಡುತ್ತೇವೆ ಎನ್ನುತ್ತಿದ್ದಾರೆ. (ಬಾಡಿಗೆ ಮನೆಗಳ ಮಾಲೀಕ)

ಇಳಿಸಬೇಡಿ. ರಕ್ಷಣಾ ಸಾಧನಗಳಿಲ್ಲದೆ ಮನುಷ್ಯರನ್ನು ಶೌಚದ ಗುಂಡಿಗೆ ಇಳಿಸುವುದು 2013ರ ಕಾಯ್ದೆಯಡಿ ಅಪರಾಧ. ಮೊದಲ ಸಲಕ್ಕೇ ಎರಡು ವರ್ಷದವರೆಗೆ ಜೈಲು ಅಥವಾ ಎರಡು ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಅವರೇ ಒಪ್ಪಿ ಬಂದರು ಎಂಬ ಮಾತು ನಡೆಯದು. ಗುಂಡಿಯ ಅನಿಲ ಮೊದಲು ಕೊಳೆತ ಮೊಟ್ಟೆಯ ಹಾಗೆ ನಾರುತ್ತದೆ, ಪ್ರಮಾಣ ಏರಿದಂತೆ ಮೂಗೇ ಸತ್ತು ವಾಸನೆ ಗೊತ್ತಾಗುವುದಿಲ್ಲ. “ವಾಸನೆ ಹೋಯಿತು, ಇಳಿಯಬಹುದು” ಎನ್ನುವ ಗಳಿಗೆಯೇ ಸಾವಿನದು. ಬಿದ್ದವರನ್ನು ಎತ್ತಲು ಹಿಂದೆ ಇಳಿದವರೂ ಸಾಯುತ್ತಾರೆ. ಅಂಥ ಸಂದರ್ಭದಲ್ಲಿ ಯಾರನ್ನೂ ಇಳಿಯಬಿಡದೆ 112ಕ್ಕೆ ಕರೆ ಮಾಡಿ.

ಗಾಡಿ ಓಣಿಯೊಳಗೆ ಬರಬೇಕಾಗಿಲ್ಲ, ಅದರ ಹೋಸು ಬಂದರೆ ಸಾಕು. ದೊಡ್ಡ ರಸ್ತೆಯಿಂದ ಪಿಟ್‌ವರೆಗೆ ಟೇಪು ಹಿಡಿದು ಅಳೆದು, ಆ ಉದ್ದವನ್ನು ಫೋನಿನಲ್ಲೇ ಹೇಳಿ. “ಬರೋಕಾಗಲ್ಲ” ಎಂದವರು ಜೋಡಿಸುವ ಹೋಸು ತರುತ್ತಾರೆ, ಇಲ್ಲವಾದರೆ ಟ್ರ್ಯಾಕ್ಟರಿಗೆ ಕಟ್ಟಿದ ಸಣ್ಣ ಟ್ಯಾಂಕು ಇರುವವರನ್ನು ಕೇಳಿ. ಮುಚ್ಚಳ ಎಲ್ಲಿದೆ ಎಂದು ಮೊದಲೇ ಗುರುತಿಟ್ಟುಕೊಳ್ಳಿ. ಗಾಡಿ ಬಂದ ಮೇಲೆ ಟೈಲ್ಸ್ ಒಡೆದು ಹುಡುಕುವ ಮನೆಗಳೇ ಹೆಚ್ಚು. ಎರಡು-ಮೂರು ವರ್ಷಕ್ಕೊಮ್ಮೆ ತೆಗೆಸುತ್ತಿದ್ದರೆ ತಳದ ಕೆಸರು ಗಟ್ಟಿಯಾಗುವುದಿಲ್ಲ. ಗಟ್ಟಿಯಾದಾಗಲೇ “ಆಳು ಇಳಿಸಿ” ಎಂಬ ಮಾತು ಹುಟ್ಟುವುದು.

ಖಾತೆ ತಾತನ ಹೆಸರಿನಲ್ಲಿದೆ. ಇಪ್ಪತ್ತು ವರ್ಷದಿಂದ ಕಂದಾಯ ಕಟ್ಟಿದ್ದು ಅಪ್ಪ. ಈಗ ಅಪ್ಪನೂ ಇಲ್ಲ. ಇ-ಖಾತಾ ಕೇಳಿದರೆ “ಮೊದಲು ಪೌತಿ (ತೀರಿಕೊಂಡವರ ಖಾತೆ ವಾರಸುದಾರರ ಹೆಸರಿಗೆ) ಮಾಡಿಸಿ” ಎನ್ನುತ್ತಾರೆ. ಇಬ್ಬರು ಸೋದರತ್ತೆಯರಿದ್ದಾರೆ, ಅವರ ಸಹಿ ಬೇಕೇ? (ಖಾಸಗಿ ಕಂಪನಿ ನೌಕರ)

ಬೇಕು. ಖಾತೆ ಎಂದರೆ ತೆರಿಗೆ ಯಾರಿಂದ ವಸೂಲಿ ಮಾಡಬೇಕು ಎಂಬ ಪುಸ್ತಕ. ಅದು ಹಕ್ಕುಪತ್ರವಲ್ಲ. ಕಂದಾಯ ಕಟ್ಟಿದ ರಸೀದಿ ಎಷ್ಟಿದ್ದರೂ ಅಪ್ಪ ಒಬ್ಬರೇ ಮಾಲೀಕರಾಗುವುದಿಲ್ಲ. ತಾತ ಉಯಿಲು ಬರೆಯದೆ ಹೋಗಿದ್ದರೆ, ಅವರ ಸ್ವಯಾರ್ಜಿತಕ್ಕೆ ಹೆಣ್ಣುಮಕ್ಕಳೂ 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯಿಂದಲೇ ವಾರಸುದಾರರು. ಅತ್ತೆಯರನ್ನು ಬಿಟ್ಟು ವಂಶವೃಕ್ಷ ಮಾಡಿಸುವ ಆಸೆ ಬೇಡ. ಇವತ್ತು ಖಾತೆಯಾದರೂ ಬ್ಯಾಂಕಿನ ವಕೀಲರು ಅಲ್ಲೇ ಹಿಡಿಯುತ್ತಾರೆ.

ತಾತ ಮತ್ತು ಅಪ್ಪ ಇಬ್ಬರ ಮರಣ ಪ್ರಮಾಣಪತ್ರ ತೆಗೆದುಕೊಳ್ಳಿ. ನಾಡಕಚೇರಿಯಿಂದ ತಾತನಿಂದಲೇ ಶುರುವಾಗುವ ವಂಶವೃಕ್ಷ ಮಾಡಿಸಿ. ಆಮೇಲೆ ಎರಡು ದಾರಿ: ಎಲ್ಲರ ಹೆಸರಿನಲ್ಲಿ ಜಂಟಿ ಖಾತೆ, ಇಲ್ಲವೇ ಅತ್ತೆಯರು ನೋಂದಣಿ ಮಾಡಿಸಿದ ಹಕ್ಕು ಬಿಡುಗಡೆ ಪತ್ರ ಬರೆದುಕೊಟ್ಟು ನಿಮ್ಮ ಹೆಸರಿಗೆ ಖಾತೆ. ಛಾಪಾ ಕಾಗದದ ಮೇಲೆ ಬರೆದು ನೋಟರಿ ಮಾಡಿಸಿದ ಒಪ್ಪಿಗೆ ಸಾಲದು, ನೋಂದಣಿಯೇ ಆಗಬೇಕು.

ಇದರ ಜೊತೆಗೆ ತಾತನ ಕ್ರಯಪತ್ರ, ಋಣಭಾರ ಪತ್ರ (ಇಸಿ), ಬಡಾವಣೆ ಅನುಮೋದನೆ ಅಥವಾ ಭೂಪರಿವರ್ತನೆಯ ಪ್ರತಿ, ಈ ಸಾಲಿನ ತೆರಿಗೆ ರಸೀದಿ, ಮನೆಯ ಫೋಟೊ, ವಾರಸುದಾರರ ಗುರುತಿನ ಚೀಟಿ ಇರಲಿ. ನೋಂದಣಿ ಇಲಾಖೆಯ ಕಾವೇರಿ ತಂತ್ರಾಂಶದಲ್ಲಿ ಹಳೆಯ ವರ್ಷಗಳ ಇಸಿ ಸಿಗದಿದ್ದರೆ ಉಪನೋಂದಣಾಧಿಕಾರಿ ಕಚೇರಿಯಲ್ಲಿ ಅರ್ಜಿ ಕೊಡಬೇಕು.

ಹೆಚ್ಚಿನವರು ಎಡವುವುದು ಕೊನೆಯಲ್ಲಿ. ಅಧಿಕಾರಿಯ ಡಿಜಿಟಲ್ ಸಹಿ ಬೀಳುವ ಮುಂಚೆ ಕರಡು ತೋರಿಸಲು ಕೇಳಿ, ಅಲ್ಲೇ ಕೂತು ಓದಿ. ಕ್ರಯಪತ್ರದಲ್ಲಿ ಅಳತೆ ಅಡಿಗಳಲ್ಲಿದ್ದು ಕಂಪ್ಯೂಟರಿಗೆ ಮೀಟರಿನಲ್ಲಿ ಹೋಗಿರುತ್ತದೆ. 30×40 ನಿವೇಶನವೆಂದರೆ 9.14×12.19 ಮೀಟರ್, 111.48 ಚದರ ಮೀಟರ್. ಚಕ್ಕುಬಂದಿಯಲ್ಲಿ ಪೂರ್ವ-ಪಶ್ಚಿಮ ಅದಲುಬದಲಾಗಿರುವುದು, ಉತ್ತರಕ್ಕೆ “ರಸ್ತೆ” ಇರಬೇಕಾದಲ್ಲಿ ಹಳೆಯ ಮಾಲೀಕರ ಹೆಸರೇ ಉಳಿದಿರುವುದು, ಆಧಾರಿನಲ್ಲಿ ಇರುವ ಇನಿಷಿಯಲ್ ಇಲ್ಲಿ ಇಲ್ಲದಿರುವುದು ಸಾಮಾನ್ಯ. ಸಹಿಯಾದ ಮೇಲೆ ತಿದ್ದುಪಡಿಗೆ ಮತ್ತೆ ಹೊಸ ಅರ್ಜಿ, ಹೊಸ ಓಡಾಟ.

ಅರ್ಜಿ ಕೊಟ್ಟ ದಿನವೇ ಸಕಾಲ (ಗಡುವಿನೊಳಗೆ ಸೇವೆ ಕೊಡಬೇಕೆಂಬ ಸರ್ಕಾರಿ ವ್ಯವಸ್ಥೆ) ಸಂಖ್ಯೆ ಪಡೆಯಿರಿ. ಆ ಸಂಖ್ಯೆ ಇಲ್ಲದ ಅರ್ಜಿ ವಿಷಯ ನಿರ್ವಾಹಕರ ಮೇಜಿನ ಮೇಲಿನ ಕಾಗದ ಮಾತ್ರ. ಗಡುವು ಮೀರಿದರೆ ದಿನಕ್ಕೆ ₹20ರಂತೆ ಗರಿಷ್ಠ ₹500 ಪರಿಹಾರ. ಹಣ ಸಣ್ಣದೇ, ಆದರೆ ಆ ಸಂಖ್ಯೆಯ ಮೇಲೆ ಮೇಲ್ಮನವಿ ಹಾಕಿದರೆ ಕಡತ ಅಲುಗುತ್ತದೆ.

ಆಸ್ತಿ ತೆರಿಗೆ ಯಾವಾಗ ಕಟ್ಟಿದರೆ ಲಾಭ? ಬಿಲ್ಲಿನಲ್ಲಿ ಭಿಕ್ಷುಕರ ಕರ ಎಂದು ಯಾಕಿದೆ? (ಅಂಗಡಿ ಮಾಲೀಕ)

ಏಪ್ರಿಲ್‌ನಲ್ಲಿ ಕಟ್ಟಿದರೆ ಶೇ 5 ರಿಯಾಯಿತಿ. ಮೇ, ಜೂನ್‌ನಲ್ಲಿ ರಿಯಾಯಿತಿಯೂ ಇಲ್ಲ, ದಂಡವೂ ಇಲ್ಲ. ಜುಲೈಯಿಂದ ತಿಂಗಳಿಗೆ ಶೇ 2 ದಂಡ. ₹4,000 ತೆರಿಗೆಗೆ ಏಪ್ರಿಲ್‌ನಲ್ಲಿ ₹200 ಉಳಿತಾಯ, ಮಾರ್ಚ್‌ವರೆಗೆ ಎಳೆದರೆ ₹720 ದಂಡ. ತೆರಿಗೆಯ ಮೇಲೆ ಆರೋಗ್ಯ ಕರ ಶೇ 15, ಗ್ರಂಥಾಲಯ ಕರ ಶೇ 6, ಭಿಕ್ಷುಕರ ಕರ ಶೇ 3 ಸೇರುತ್ತವೆ. ಭಿಕ್ಷುಕರ ಕರ 1975ರ ಭಿಕ್ಷಾಟನೆ ನಿಷೇಧ ಕಾಯ್ದೆಯದು, ನಿರಾಶ್ರಿತರ ಪುನರ್ವಸತಿಗೆ ಹೋಗಬೇಕಾದ ಹಣ. ಅದಕ್ಕೂ ಗ್ರಂಥಾಲಯ ಕರಕ್ಕೂ ನಗರಸಭೆ ಬರೀ ವಸೂಲಿದಾರ. ಊರಿನ ಗ್ರಂಥಾಲಯದಲ್ಲಿ ಹೊಸ ಪುಸ್ತಕ ಕಾಣದಿದ್ದರೆ ಆ ಶೇ 6 ಎಲ್ಲಿಗೆ ಹೋಯಿತು ಎಂದು ಕೇಳುವ ಹಕ್ಕು ನಿಮಗಿದೆ.

ಮಗುವಿನ ಜನನ ಪ್ರಮಾಣಪತ್ರದಲ್ಲಿ ಹೆಸರಿನ ಜಾಗ ಖಾಲಿ ಇದೆ. ಶಾಲೆಗೆ ಸೇರಿಸಬೇಕು. (ತಾಯಿ)

ನೋಂದಣಿ ಆಗಿರುವುದರಿಂದ ಗಾಬರಿ ಬೇಡ. ಒಂದು ವರ್ಷದೊಳಗೆ ಹೆಸರು ಸೇರಿಸುವುದು ಉಚಿತ, ಆಮೇಲೆ ಹದಿನೈದು ವರ್ಷದವರೆಗೆ ವಿಳಂಬ ಶುಲ್ಕ ಕಟ್ಟಿ ಸೇರಿಸಬಹುದು. ಎಲ್ಲಿ ನೋಂದಣಿಯಾಗಿದೆಯೋ ಅಲ್ಲೇ ಅರ್ಜಿ ಕೊಡಬೇಕು. ತವರೂರಿನ ಆಸ್ಪತ್ರೆಯಲ್ಲಿ ಹೆರಿಗೆಯಾಗಿದ್ದರೆ ಈಗಿರುವ ಊರಿನ ನಗರಸಭೆಯಲ್ಲಿ ಆಗದು. ಇಂಗ್ಲಿಷ್ ಕಾಗುಣಿತವನ್ನು ದೊಡ್ಡ ಅಕ್ಷರದಲ್ಲಿ ಬರೆದುಕೊಡಿ. ಒಮ್ಮೆ ಸೇರಿದ ಹೆಸರನ್ನು ಬದಲಿಸುವುದು ಸೇರಿಸಿದಷ್ಟು ಸುಲಭವಲ್ಲ. ನೋಂದಣಿಯೇ ಆಗದೆ ವರ್ಷ ದಾಟಿದ್ದರೆ, 2023ರ ತಿದ್ದುಪಡಿಯ ನಂತರ ಜಿಲ್ಲಾಧಿಕಾರಿ, ಉಪವಿಭಾಗಾಧಿಕಾರಿ ಅಥವಾ ಜಿಲ್ಲಾಧಿಕಾರಿ ಅಧಿಕಾರ ಕೊಟ್ಟ ದಂಡಾಧಿಕಾರಿಯ ಆದೇಶ ಬೇಕು.

ಬಸ್ ನಿಲ್ದಾಣದ ಬಳಿ ಹಣ್ಣಿನ ಗಾಡಿ ಇಡುತ್ತೇನೆ. ಆಗಾಗ ಬಂದು ತಕ್ಕಡಿ, ಹಣ್ಣು ಎತ್ತಿಕೊಂಡು ಹೋಗುತ್ತಾರೆ. (ಬೀದಿಬದಿ ವ್ಯಾಪಾರಿ)

2014ರ ಬೀದಿಬದಿ ವ್ಯಾಪಾರಿಗಳ ಕಾಯ್ದೆ ನಿಮ್ಮ ಕಡೆಗಿದೆ, ಆದರೆ ಅದು ಕೆಲಸ ಮಾಡುವುದು ಕೈಯಲ್ಲಿ ವ್ಯಾಪಾರ ಪ್ರಮಾಣಪತ್ರ ಮತ್ತು ಗುರುತಿನ ಚೀಟಿ ಇದ್ದಾಗ. ಸಮೀಕ್ಷೆಯಲ್ಲಿ ಹೆಸರು ಬಿಟ್ಟುಹೋಗಿದ್ದರೆ ಪಟ್ಟಣ ವ್ಯಾಪಾರ ಸಮಿತಿಗೆ ಅರ್ಜಿ ಕೊಡಿ. ಆ ಸಮಿತಿಯಲ್ಲಿ ಶೇ 40ಕ್ಕೆ ಕಡಿಮೆಯಿಲ್ಲದಷ್ಟು ಸದಸ್ಯರು ವ್ಯಾಪಾರಿಗಳೇ ಆರಿಸಿ ಕಳಿಸಿದವರು, ಅವರಲ್ಲಿ ಮೂರನೇ ಒಂದು ಭಾಗ ಮಹಿಳೆಯರು. ನಿಮ್ಮ ಊರಿನ ಪ್ರತಿನಿಧಿ ಯಾರೆಂದು ಮೊದಲು ತಿಳಿದುಕೊಳ್ಳಿ.

ಪ್ರಮಾಣಪತ್ರ ಇರುವವರನ್ನು ಎಬ್ಬಿಸಲು 30 ದಿನದ ನೋಟಿಸು ಕೊಡಬೇಕು. ಸಾಮಾನು ಜಪ್ತಿ ಮಾಡಿದರೆ ಪಟ್ಟಿ ಬರೆದು ಪ್ರತಿ ಕೊಡಬೇಕು. ನೀವು ಕೇಳಿದ ದಿನವೇ ಹಣ್ಣು-ತರಕಾರಿ, ಎರಡು ಕೆಲಸದ ದಿನದೊಳಗೆ ತಕ್ಕಡಿಯಂಥ ವಸ್ತು ಶುಲ್ಕ ಪಡೆದು ಹಿಂದಿರುಗಿಸಬೇಕು. ಪಟ್ಟಿಯ ಪ್ರತಿ ಕೇಳದೆ ಸಾಮಾನು ಬಿಡಬೇಡಿ. ನೆಲಸುಂಕದವರು ಹಣ ಪಡೆದರೆ ರಸೀದಿಯನ್ನು ಎಸೆಯಬೇಡಿ. ಎಷ್ಟು ವರ್ಷದಿಂದ ಅದೇ ಜಾಗದಲ್ಲಿ ಇದ್ದೀರಿ ಎನ್ನಲು ಆ ಚೀಟಿಗಳೇ ಪುರಾವೆ. ಬೀದಿಬದಿ ವ್ಯಾಪಾರಿಗಳಿಗೆ ಸಾಲ ಕೊಡುವ ಕೇಂದ್ರದ ಪಿಎಂ ಸ್ವನಿಧಿ ಯೋಜನೆಯಲ್ಲಿ ಮೊದಲ ಕಂತಿನ ಸಾಲ ಈಗ ₹15,000ದವರೆಗೆ, ಸರಿಯಾಗಿ ತೀರಿಸಿದರೆ ₹25,000, ಆಮೇಲೆ ₹50,000.

ಚುನಾವಣೆ ಆಗಿಲ್ಲ, ವಾರ್ಡಿಗೆ ಸದಸ್ಯರೇ ಇಲ್ಲ. ನಮ್ಮ ಬೀದಿಗೆ ಹೊಸ ಚರಂಡಿ ಆಯಿತು, ಅದರಲ್ಲಿ ನೀರು ನಿಂತು ಸೊಳ್ಳೆ. ಯಾರನ್ನು ಕೇಳುವುದು? (ಬೀದಿಯ ಯುವಕ ಸಂಘ)

ಸದಸ್ಯರಿಲ್ಲದಾಗ ಆಡಳಿತಾಧಿಕಾರಿ ಇರುತ್ತಾರೆ. ಆದರೆ ಚರಂಡಿಯ ಕಡತ ಇರುವುದು ಎಂಜಿನಿಯರಿಂಗ್ ಶಾಖೆಯಲ್ಲಿ, ಹಾಗಾಗಿ ಅರ್ಜಿಯನ್ನು ಪೌರಾಯುಕ್ತರ ಹೆಸರಿಗೆ (ಪುರಸಭೆಯಾದರೆ ಮುಖ್ಯಾಧಿಕಾರಿ) ಬರೆದು ಕಚೇರಿಯ ಟಪಾಲು ವಿಭಾಗದಲ್ಲಿ ಕೊಟ್ಟು ಇನ್ನೊಂದು ಪ್ರತಿಗೆ ಮುದ್ರೆ, ದಿನಾಂಕ, ಸಂಖ್ಯೆ ಹಾಕಿಸಿಕೊಳ್ಳಿ.

ನೀರು ನಿಲ್ಲಲು ಕಾರಣ ಇಳಿಜಾರು. ಹೊಸ ಚರಂಡಿಯ ತಳ ಅದು ಹೋಗಿ ಸೇರುವ ಹಳೆಯ ಚರಂಡಿಯ ತಳಕ್ಕಿಂತ ಕೆಳಗಿದ್ದರೆ ಎಷ್ಟು ಗುಡಿಸಿದರೂ ಅಷ್ಟೇ. ಗಾರೆಯವರ ಬಳಿ ಇರುವ ಪಾರದರ್ಶಕ ಟ್ಯೂಬಿನಲ್ಲಿ ನೀರು ತುಂಬಿ, ಎರಡು ತುದಿಯಲ್ಲಿ ಇಬ್ಬರು ಹಿಡಿದು ನೋಡಿ. ಗುಳ್ಳೆ ಇರಬಾರದು, ಇದ್ದರೆ ಮಟ್ಟ ಸುಳ್ಳು ಹೇಳುತ್ತದೆ. 200ಕ್ಕೆ 1ರ ಇಳಿಜಾರಿದ್ದರೆ 30 ಮೀಟರಿಗೆ 15 ಸೆಂ.ಮೀ. ಇಳಿದಿರಬೇಕು. ಕಂಡ ಅಳತೆಯನ್ನು ಅರ್ಜಿಯಲ್ಲಿ ಬರೆಯಿರಿ.

ಮಾಹಿತಿ ಹಕ್ಕಿನಡಿ ಕೇಳಬೇಕಾದ್ದು ನಾಲ್ಕೇ: ಅಂದಾಜು ಪಟ್ಟಿ, ಕಾರ್ಯಾದೇಶ, ಅಳತೆ ಪುಸ್ತಕದ (ಎಂಬಿ) ಆ ಪುಟಗಳು, ಗುತ್ತಿಗೆ ಕರಾರಿನಲ್ಲಿ ದೋಷ ಹೊಣೆಗಾರಿಕೆ ಅವಧಿ ಎಷ್ಟೆಂಬ ಭಾಗ. ₹10ರ ಪೋಸ್ಟಲ್ ಆರ್ಡರ್ ಸಾಕು. ಕರ್ನಾಟಕದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದ ಮೀರಬಾರದು. “ಯಾಕೆ ಹೀಗೆ ಮಾಡಿದಿರಿ” ಎಂದು ಬರೆದರೆ ತಿರಸ್ಕಾರಕ್ಕೆ ನೀವೇ ದಾರಿ ಕೊಟ್ಟಂತೆ. ದಾಖಲೆಯ ಹೆಸರು ಹೇಳಿ ಪ್ರತಿ ಕೇಳಿ. 30 ದಿನದಲ್ಲಿ ಉತ್ತರ ಬಾರದಿದ್ದರೆ ಮುಂದಿನ 30 ದಿನದೊಳಗೆ ಮೊದಲ ಮೇಲ್ಮನವಿ.

ಎಂಬಿಯಲ್ಲಿ ಉದ್ದ, ಅಗಲ, ದಪ್ಪ ಬರೆದಿರುತ್ತದೆ. ಟೇಪು ಹಿಡಿದು ತಾಳೆ ನೋಡಿ. ದಪ್ಪವನ್ನು ಕೆಲಸ ಮುಗಿದ ತುದಿಯಲ್ಲೋ ಮನೆ ಪೈಪಿಗಾಗಿ ಬಿಟ್ಟ ತೂತಿನಲ್ಲೋ ಅಳೆಯಬಹುದು. ಹೊಣೆಗಾರಿಕೆ ಅವಧಿ ಮುಗಿದಿಲ್ಲದಿದ್ದರೆ ಗುತ್ತಿಗೆದಾರರೇ ಸ್ವಂತ ಖರ್ಚಿನಲ್ಲಿ ಸರಿಪಡಿಸಬೇಕು, ಭದ್ರತಾ ಠೇವಣಿ ಬಿಡುಗಡೆ ಮಾಡಬಾರದೆಂದು ಅರ್ಜಿಯಲ್ಲೇ ಕೇಳಿ. ಕಾಂಕ್ರೀಟು ಹಾಕುವ ಮುಂಚೆಯೇ ಟ್ಯೂಬು ಹಿಡಿದಿದ್ದರೆ ಇಷ್ಟೆಲ್ಲ ಬೇಕಿರಲಿಲ್ಲ. ಮುಂದಿನ ಬೀದಿಯಲ್ಲಿ ಕೆಲಸ ನಡೆಯುತ್ತಿದ್ದರೆ ಅವರಿಗಾದರೂ ಹೇಳಿ.

ಬೀದಿದೀಪ ಉರಿಯುತ್ತಿಲ್ಲ. ನಗರಸಭೆಯವರು ವಿದ್ಯುತ್ ಕಂಪನಿ ಎನ್ನುತ್ತಾರೆ, ಅವರು ಇವರನ್ನು ತೋರಿಸುತ್ತಾರೆ. (ಕಾಲೇಜು ವಿದ್ಯಾರ್ಥಿನಿ)

ಒಂದೇ ಕಂಬದ ದೀಪ ಹೋಗಿದ್ದರೆ, ಅಥವಾ ಮನೆಗಳಲ್ಲಿ ಕರೆಂಟಿದ್ದು ಸಾಲುದೀಪವಷ್ಟೇ ಕತ್ತಲಾಗಿದ್ದರೆ ಸಾಮಾನ್ಯವಾಗಿ ನಗರಸಭೆಯ ಕೆಲಸ: ಬಲ್ಬು, ಫಿಟ್ಟಿಂಗು ಅಥವಾ ಟೈಮರ್ ಪೆಟ್ಟಿಗೆ. ಮನೆಗಳಲ್ಲೂ ಕತ್ತಲಿದ್ದರೆ ವಿದ್ಯುತ್ ಕಂಪನಿ, 1912. ಹಗಲಲ್ಲೂ ಉರಿಯುತ್ತಿದ್ದರೆ ಟೈಮರ್ ತಪ್ಪಿದೆ, ಅದನ್ನೂ ಹೇಳಿ, ಬಿಲ್ಲು ನಮ್ಮದೇ ತೆರಿಗೆಯಿಂದ ಹೋಗುತ್ತದೆ. ಕಂಬದ ಮೇಲೆ ಬಣ್ಣದಲ್ಲಿ ಬರೆದ ಸಂಖ್ಯೆಯಿಲ್ಲದೆ ದೂರು ಕೊಡಬೇಡಿ, ಅಳಿಸಿದ್ದರೆ ಎದುರು ಮನೆಯ ಸಂಖ್ಯೆ ಕೊಡಿ. ಮಳೆಯಲ್ಲಿ ಕಂಬ ಮುಟ್ಟಿದಾಗ ಜುಮ್ಮೆಂದಿದ್ದರೆ ಯಾರ ಕೆಲಸ ಎಂದು ಯೋಚಿಸುತ್ತ ಕೂರಬೇಡಿ. ಮಕ್ಕಳನ್ನೂ ದನಗಳನ್ನೂ ದೂರ ನಿಲ್ಲಿಸಿ, ಮೊದಲು 1912ಕ್ಕೇ ಫೋನು ಮಾಡಿ.